ಗುರುಬಾಯಿಯ ಕಣ್ಣು, ಸಾಯಬಣ್ಣನ ಮೋಟಾರು

ಅಕ್ಕಲಕೋಟೆಯ ಸಾಯಬಣ್ಣನ ಮೋಟಾರು ಊರು ಹೊಕ್ಕದ್ದು ಎತ್ತುಗಳ ಹಿಂದೆ. ಸೊಲ್ಲಾಪುರದ ಗಿರಣಿಯೊಂದರಲ್ಲಿ ನೂಲಿನ ಖಾತೆ ನೋಡುತ್ತಿದ್ದ ಬಿಳಿ ಸಾಹೇಬನೊಬ್ಬ, ಸ್ವಾತಂತ್ರ್ಯ ಬಂದು ಕೆಲವು ವರ್ಷ ತಡೆದು, ತನ್ನ ದೇಶಕ್ಕೆ ಹೊರಟಾಗ ಅದನ್ನು ಗಿರಣಿಯ ಬೇವಿನ ಮರದ ಕೆಳಗೆ ಬಿಟ್ಟು ಹೋದ. ಎರಡೇ ಸೀಟು, ತಲೆಯ ಮೇಲೆ ಛಾವಣಿ ಇಲ್ಲ, ಬೆನ್ನಿಗೊಂದು ಹೆಚ್ಚಿನ ಗಾಲಿ. ಓಟದ ಪಂದ್ಯಕ್ಕೆಂದು ಮಾಡಿದ ಕೆಂಪು ಗಾಡಿ. ಎಂಜಿನು ಸತ್ತಿದ್ದರಿಂದ ಯಾರಿಗೂ ಬೇಡವಾಗಿತ್ತು. ಯಾರಿಗೂ ಬೇಡವಾದದ್ದು ಸಾಯಬಣ್ಣನಿಗೆ ಬೇಕಾಗುತ್ತಿತ್ತು, ಅದು ಅವನ ಜನ್ಮಗುಣ. ಅಣ್ಣಂದಿರು ಜೋಳ ಬಿತ್ತಿಕೊಂಡು ಸುಖವಾಗಿದ್ದರೆ, ಇವನೊಬ್ಬ ಹೊಲ ಬಿಟ್ಟು ಬಾವಿಯ ಎಣ್ಣೆ ಎಂಜಿನುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಸಾಹೇಬನ ಗಾಡಿಯನ್ನು ಅಣ್ಣನ ಎತ್ತುಗಳಿಗೆ ಕಟ್ಟಿ ಎಳೆಸಿಕೊಂಡು ಬಂದ. ಆ ಮೇಲೆ ಅದು ತಾನಾಗಿಯೇ ಓಡಲು ಶುರುಮಾಡಿದರೂ ಊರ ಮಂದಿ ಬಹಳ ದಿನ ಅದನ್ನು ನಂಬಲಿಲ್ಲ.

ಓಡುತ್ತಿತ್ತು ಅನ್ನುವುದಕ್ಕಿಂತ ನೆಗೆಯುತ್ತಿತ್ತು ಅನ್ನಬೇಕು. ಮಂದಿ ಅದಕ್ಕೆ ಹೋತ ಎಂದು ಹೆಸರಿಟ್ಟರು. ಅದರಲ್ಲಿ ಒಮ್ಮೆ ಕೂತ ಸಾಯಬಣ್ಣನ ಹೆಂಡತಿ ದ್ರೌಪದಿ ಇಳಿದು ಬಂದು, "ನನ್ನ ತವರಮನಿಯವರಿಗೆ ಹೇಳಿ ಕಳಸ್ರಿ, ಮಗಳ ಎಲುಬು ಎಲ್ಲಾ ಅದಾವಂತ" ಎಂದಳು. ಮತ್ತೆ ಹತ್ತಲಿಲ್ಲ.

ಇಷ್ಟೇ ಆಗಿದ್ದರೆ ಇದು ನಗುವ ಸಂಗತಿಯಾಗಿ ಮುಗಿಯುತ್ತಿತ್ತು. ಆದರೆ ಸಾಯಬಣ್ಣನಿಗೆ ಒಬ್ಬ ಅಕ್ಕ ಇದ್ದಳು, ಗುರುಬಾಯಿ. ತಾಯಿ ತೀರಿದಾಗ ಅವನು ಇನ್ನೂ ತೆವಳುವ ಕೂಸು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅವಳ ಎಡಗಣ್ಣು ಹಿಂದೆಯೇ ಹೋಗಿತ್ತು. ಬಲಗಣ್ಣಿನಲ್ಲಿ ಪೊರೆ ಬೆಳೆದು, ಮೋಟಾರು ಮನೆಗೆ ಬರುವ ಹೊತ್ತಿಗೆ ಅವಳಿಗೆ ಹಗಲು ರಾತ್ರಿಯ ಗುರುತಷ್ಟೇ ಉಳಿದಿತ್ತು. ಅವಳನ್ನು ರೈಲಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ದು ಆ ಒಂದು ಕಣ್ಣಿಗೆ ಆಪರೇಶನ್ ಮಾಡಿಸಿದರು. ಚೆನ್ನಾಗಿ ಆಯಿತು. ಪಟ್ಟಿ ಕಟ್ಟಿಕೊಂಡು ಮಲಗಿದ ಗುರುಬಾಯಿ ವಾರ್ಡಿನ ಹೆಂಗಸರಿಗೆಲ್ಲ ಹೇಳಿದಳು: "ನಾ ಟಾಂಗಾದಾಗ ಹೋಗಾಕಿ ಅಲ್ಲ. ನನ್ನ ತಮ್ಮ ಮೋಟಾರ ತರತಾನ."

ಡಾಕ್ಟರರು ಮರಾಠಿಯವರು, ದಪ್ಪ ಆಳು, ಕನ್ನಡವನ್ನೂ ತಮಗೆ ತೋಚಿದಂತೆ ಆಡುತ್ತಿದ್ದರು. ಸಾಯಬಣ್ಣನನ್ನು ಅಂಗಳಕ್ಕೆ ಕರೆದು ಹೋತವನ್ನು ಒಂದು ಸುತ್ತು ನೋಡಿದರು.

"ಧಕ್ಕಾ ಲಾಗತಾ ಕಾಮಾ ನಯೆ," ಎಂದರು. "ತಿಳೀತೇನು? ಒಂದೂ ಧಕ್ಕಾ ಇಲ್ಲ. ಒಳಗ ಕಣ್ಣು ಈಗಷ್ಟ ಹೆಪ್ಪು ಹಾಕಿದ ಮೊಸರಿನಂಗ ಅದ. ಅಲುಗಾಡಿದ್ರ ಒಡೀತದ. ಒಡದ್ರ ಮುಗೀತು, ಆಕಿಗಿ ಎರಡನೇ ಕಣ್ಣಿಲ್ಲ."

"ಬಸ್ಸಿನ್ಯಾಗ ಒಯ್ಯಲೇನ್ರಿ?"

"ಬಸ್ಸು ಬ್ಯಾಡ. ಸ್ಟೇಶನ್ನಿಂದ ನಿಮ್ಮೂರು ದೂರ, ರೈಲಿಳಿದ ಮ್ಯಾಲ ಟಾಂಗಾನೂ ಬ್ಯಾಡ. ಈ ಉಡಾಳ ಗಾಡಿ ಅಂತೂ ಬ್ಯಾಡೇ ಬ್ಯಾಡ. ಮುಂದಿನ ವಾರ ಹಾಸಿಗಿ ಖಾಲಿ ಮಾಡಬೇಕಾಗ್ತದ, ಅಷ್ಟರಾಗ ಏನರ ವ್ಯವಸ್ಥಾ ಮಾಡು."

ಒಳಗಿನಿಂದ ಗುರುಬಾಯಿಯ ಧ್ವನಿ ಕೇಳುತ್ತಿತ್ತು. ತಮ್ಮನ ಮೋಟಾರು ಬಂದಿದೆ, ಸಪ್ಪಳ ಕೇಳಿರಿ ಎಂದು ಪಕ್ಕದ ಹಾಸಿಗೆಯ, ಕುಂಭಾರಿ ಊರಿನ ಜನಾಬಾಯಿಗೆ ಹೇಳುತ್ತಿದ್ದಳು. ಜನಾಬಾಯಿಗೂ ಕಣ್ಣಿಗೆ ಪಟ್ಟಿ. ಒಬ್ಬರ ಮುಖ ಒಬ್ಬರು ಕಾಣದೆಯೇ ಇಬ್ಬರಿಗೂ ಗಾಢ ಗೆಳೆತನವಾಗಿತ್ತು. ಮೋಟಾರು ಬೇಡ ಎಂದು ಅಕ್ಕನಿಗೆ ಹೇಳಲು ಸಾಯಬಣ್ಣನ ನಾಲಿಗೆ ಏಳಲಿಲ್ಲ. ಗಾಡಿಯನ್ನು ಬದಲಾಯಿಸಲು ಆಗುವುದಿಲ್ಲ, ಅಕ್ಕನನ್ನು ಬದಲಾಯಿಸಲು ಮೊದಲೇ ಆಗುವುದಿಲ್ಲ. ಉಳಿದದ್ದು ಗಾಡಿಯ ನೆಗೆತ.

ನೆಗೆತದ ಕಾರಣ ಅವನಿಗೆ ಗೊತ್ತಿತ್ತು. ಗಾಲಿಯ ಮೇಲಿನ ಕಮಾನುಪಟ್ಟಿ ಕುಗ್ಗಿ ಜಿಗಿಯುವಾಗ ಅದನ್ನು ಹಿಡಿದು ನಿಲ್ಲಿಸುವ ಸಾಧನ ಒಂದಿರುತ್ತದೆ. ಸೊಲ್ಲಾಪುರದ ಗ್ಯಾರೇಜಿನವರು ಅದಕ್ಕೆ ಶಾಕಪ್ ಎನ್ನುತ್ತಿದ್ದರು. ಸಾಹೇಬನ ಗಾಡಿಯ ಶಾಕಪ್‌ಗಳು ಎಣ್ಣೆ ಕಾರಿ ಸತ್ತಿದ್ದವು. ಹೊಸವು ವಿಲಾಯತಿಯಿಂದ ಬರಬೇಕು; ಅಷ್ಟು ದುಡ್ಡಿನ ಐಪತ್ತು ಇವನಿಗೆಲ್ಲಿ? ಹಾಗಾಗಿ ಸೊಲ್ಲಾಪುರದ ಹಳೆ ಸಾಮಾನಿನ ಪೇಟೆ ಜುನಾ ಬಜಾರಕ್ಕೆ ಹೋದ. ಅಲ್ಲಿ ಲಡಾಯಿ ಕಾಲದ ಮಿಲಿಟರಿ ಸಾಮಾನಿನ ರಾಶಿಯಲ್ಲಿ ನಾಲ್ಕು ಜೋಡಿ ಕಬ್ಬಿಣದ ತೋಳುಗಳು ಸಿಕ್ಕವು. ಒಂದರ ಮೇಲೊಂದು ಕೂತ ಎರಡು ತೋಳು, ನಡುವೆ ಬಿಲ್ಲೆ, ಅದರ ಮೂಲಕ ಒಂದು ನಟ್ಟು. ನಟ್ಟು ಬಿಗಿದರೆ ತೋಳು ಬಿಗಿ, ಸಡಿಲಿಸಿದರೆ ತೋಳು ಹಗುರ. ಅಂದರೆ ಬೇಕಾದ ಹಾಗೆ ಹೊಂದಿಸಿಕೊಳ್ಳುವ ಶಾಕಪ್!

"ವಿಮಾನದ ಮಾಲು," ಎಂದ ಅಂಗಡಿಯವ.

"ವಿಮಾನಕ್ಕ ರಸ್ತೇದಾಗ ತಗ್ಗು ಎಲ್ಲಿರ್ತಾವ?" ಎಂದು ಸಾಯಬಣ್ಣ ಕೇಳಿದ. ಅಂಗಡಿಯವ ಅಗ್ಗದಲ್ಲಿ ಕೊಟ್ಟುಬಿಟ್ಟ.

ನಡುವಿನ ಬಿಲ್ಲೆಗಳು ಸವೆದು ಹೋಗಿದ್ದವು. ಹಿತ್ತಲಲ್ಲಿ ಬಾವಿಯಿಂದ ನೀರೆತ್ತುವ ಹಳೆಯ ತೊಗಲಿನ ಮೋಟ ಬಿದ್ದಿತ್ತು. ಅದನ್ನು ದುಂಡಗೆ ಕತ್ತರಿಸಿ ಹೊಸ ಬಿಲ್ಲೆ ಮಾಡಿದ. ಎಷ್ಟೋ ಬಾವಿಗಳಲ್ಲಿ ಎಂಜಿನು ಕೂಡಿಸಿ ಮೋಟಗಳನ್ನು ಮೂಲೆಗೆ ತಳ್ಳಿದವನು ತಾನೇ, ಈಗ ಅದೇ ಮೋಟ ತನ್ನ ಕೈ ಹಿಡಿಯಿತಲ್ಲ ಎಂದು ಅವನಿಗೆ ತುಸು ನಾಚಿಕೆಯೂ ಆಯಿತು. ತೋಳಿನ ಒಂದು ತುದಿಯನ್ನು ಗಾಡಿಯ ಮೈಗೆ, ಇನ್ನೊಂದನ್ನು ಅಚ್ಚಿಗೆ ಜೋಡಿಸಲು ಕಬ್ಬಿಣ ಬಾಗಿಸಿಕೊಟ್ಟವನು ಓಣಿಯ ಕಮ್ಮಾರ ಮಲಕಾಜಪ್ಪ. ಬಂಡಿಗಾಲಿಗೆ ಪಟ್ಟಿ ಹೊಡೆಯುವುದು ಅವನ ಕಸುಬು. ಅವನ ಪ್ರಕಾರ ಲೋಕದ ಎಲ್ಲ ರೋಗಕ್ಕೂ ಬಿಗಿ ಮಾಡುವುದೇ ಮದ್ದು. ನಾಲ್ಕೂ ನಟ್ಟುಗಳನ್ನು ಕಾಲು ಕೊಟ್ಟು ಬಿಗಿದ.

ಇಬ್ಬರೂ ಕೂತು ವಳಸಂಗದ ಕಡೆ ಹೊರಟರು. ಊರ ಮುಂದಿನ ಮೊದಲ ತಗ್ಗಿನಲ್ಲೇ ಮಲಕಾಜಪ್ಪನ ತಲೆಯ ಪಟಕಾ ಬಿಚ್ಚಿಕೊಂಡು ಹಿಂದೆ ಧ್ವಜದಂತೆ ಹಾರಿತು.

"ಮೊದಲಿನಕಿಂತ ಜೋರ ಬಡ್ಯಾಕತ್ತದಲ್ಲೋ!" ಎಂದ ಸಾಯಬಣ್ಣ.

"ಇನ್ನಾ ಬಿಗಿ ಆಗಿಲ್ಲ ಕಾಣ್ತದ," ಎಂದ ಮಲಕಾಜಪ್ಪ, ಪಟಕಾ ಸುತ್ತಿಕೊಳ್ಳುತ್ತ.

"ಲೇ ಮಾರಾಯಾ, ಬಿಗಿ ಮಾಡಿದಷ್ಟೂ ಅದು ನಿನ್ನ ಬಂಡಿ ಆಗ್ತದ. ಸಡ್ಲ ಮಾಡೂಣು."

ಸಡಿಲು ಮಾಡಿದರು. ಈಗ ಗಾಡಿ ಒಂದು ತಗ್ಗಿಗೆ ಇಳಿದರೆ ಮುಂದಿನ ತಗ್ಗು ಬರುವವರೆಗೂ ತೊಟ್ಟಿಲಿನಂತೆ ತೂಗುತ್ತಲೇ ಇತ್ತು. ಮಲಕಾಜಪ್ಪ ಬೆಳಿಗ್ಗೆ ತಿಂದದ್ದನ್ನು ವಳಸಂಗದ ಹುಣಸೆಮರದ ಬುಡದಲ್ಲಿ ಬಿಟ್ಟು ಬಂದ. ಆ ಮೇಲೆ ಇಬ್ಬರೂ ನಟ್ಟು ತಿರುಗಿಸುವ ಪಾನಾ ಹಿಡಿದು, ಒಂದಿಷ್ಟು ಬಿಗಿ, ಒಂದಿಷ್ಟು ಸಡಿಲು, ಮುಂದೆ ಹೀಗೆ, ಹಿಂದೆ ಹಾಗೆ ಎಂದು ರಸ್ತೆಯಲ್ಲೇ ಸಂಸಾರ ಹೂಡಿದರು. ಹೋಗಿಬರುವವರೆಲ್ಲ ಸಲಹೆ ಕೊಟ್ಟರು. ಮೋಟಾರಿನ ಗಂಧಗಾಳಿ ಇಲ್ಲದ ನಮ್ಮಂಥವರ ಸಲಹೆಯೇ ಹೆಚ್ಚು ಉದ್ದವಾಗಿತ್ತು.

ಕೊನೆಗೆ ಪರೀಕ್ಷೆ ಹೇಗೆ ಮಾಡಬೇಕೆಂಬುದು ಸಾಯಬಣ್ಣನಿಗೆ ಹೊಳೆಯಿತು. ಡಾಕ್ಟರರೇ ಹೇಳಿಲ್ಲವೆ, ಹೆಪ್ಪು ಹಾಕಿದ ಮೊಸರಿನಂಗ ಎಂದು? ದ್ರೌಪದಿ ಗಡಿಗೆಯ ತುಂಬ ಮೊಸರು ಹೆಪ್ಪಿಟ್ಟು, ಬೆಳಿಗ್ಗೆ ಅದನ್ನು ತಾನೇ ತಂದು ಸೀಟಿನ ಮೇಲಿಟ್ಟಳು. ಸಾಯಬಣ್ಣ ವಳಸಂಗದವರೆಗೆ ಹೋಗಿ ಬಂದ. ಮುಚ್ಚಳ ತೆಗೆದರೆ ಮೊಸರು ಕೆನೆಯ ಸಮೇತ ಕನ್ನಡಿಯಂತೆ ಕೂತಿತ್ತು. ಒಂದು ಬಿರುಕಿಲ್ಲ. ಮಲಕಾಜಪ್ಪ ಗಾಡಿಗೆ ತೆಂಗಿನಕಾಯಿ ಒಡೆದ. ಸಾಯಬಣ್ಣ ದೇವರಿಗೆ, ಜುನಾ ಬಜಾರದವನಿಗೆ, ಬಿಟ್ಟುಹೋದ ಸಾಹೇಬನಿಗೆ, ಮೋಟದ ತೊಗಲು ಕೊಟ್ಟ ಹಸುವಿಗೂ ಕೈಮುಗಿದು ಸೊಲ್ಲಾಪುರಕ್ಕೆ ಹೊರಟ. ಗಡಿಗೆಯೂ ಸಾಕ್ಷಿಗಾಗಿ ಜೊತೆಗೇ ಬಂತು.

ವಾರ್ಡಿನಲ್ಲಿ ಎಲ್ಲರೂ ಕೇಳುವಂತೆ ಡಾಕ್ಟರರ ಮುಂದೆ ಮುಚ್ಚಳ ತೆಗೆದ. "ನೋಡ್ರಿ ಸಾಹೇಬ್ರ. ಅಕ್ಕಲಕೋಟಿಂದ ಇಲ್ಲೀತನಕ. ಒಡದದೇನು?"

ಡಾಕ್ಟರರು ಬಗ್ಗಿ ನೋಡಿ ಹುಬ್ಬೇರಿಸಿದರು. ಅಷ್ಟರಲ್ಲಿ ಹಾಸಿಗೆಯಿಂದ ಗುರುಬಾಯಿ ಕೇಳಿದಳು:

"ತಮ್ಮಾ, ಗಡಿಗಿ ಯಾತರ ಮ್ಯಾಲ ಇಟ್ಟಿದ್ದಿ?"

"ಸೀಟಿನ ಮ್ಯಾಲ, ಅಕ್ಕಾ."

"ಬರೇ ಸೀಟಿನ ಮ್ಯಾಲ ದುಂಡನ ಗಡಿಗಿ ನಿಂದರ್ತದೇನೋ? ಕೆಳಗ ಏನಿತ್ತು?"

ಸಾಯಬಣ್ಣ ಯೋಚಿಸಿದ. "ದ್ರೌಪದಿ ಸಿಂಬಿ ಇಟ್ಟಿದ್ಳು."

ತುಂಬಿದ ಗಡಿಗೆಯನ್ನು ಬರಿನೆಲಕ್ಕೆ ಇಡುವ ಹೆಂಗಸು ಆ ಸೀಮೆಯಲ್ಲಿ ಹುಟ್ಟಿಲ್ಲ. ದ್ರೌಪದಿ ಹಳೆಯ ಸೀರೆಯನ್ನು ದುಂಡಗೆ ಸುತ್ತಿದ ಮೆತ್ತನೆಯ ಸಿಂಬಿಯನ್ನು ಯೋಚನೆಯೇ ಇಲ್ಲದೆ ಇಟ್ಟಿದ್ದಳು. ಸಾಯಬಣ್ಣ ನೋಡಿಯೂ ನೋಡಿರಲಿಲ್ಲ.

"ಹಂಗಾದ್ರ ಪಾಸಾಗಿದ್ದು ಸಿಂಬಿ," ಎಂದಳು ಗುರುಬಾಯಿ. "ನಿನ್ನ ಮೋಟಾರ ಇನ್ನಾ ಪರೀಕ್ಷಾಕ್ಕ ಕೂತೇ ಇಲ್ಲ."

ವಾರ್ಡು ವಾರ್ಡೇ ನಕ್ಕಿತು. ಸಾಯಬಣ್ಣ ನಗಲಿಲ್ಲ. ಈ ಮೊಸರನ್ನು ನಂಬಿ ಅಕ್ಕನನ್ನು ಕೂರಿಸಿಕೊಂಡು ಹೋಗಿದ್ದರೆ ಎಂದುಕೊಂಡು ಗಡಿಗೆಯ ಮುಚ್ಚಳ ಮುಚ್ಚಿದ. ಹಾಸಿಗೆಯ ಬಳಿ ಕೂತು ಹೇಳಿದ: "ಅಕ್ಕಾ, ನನ್ನ ಗಾಡಿ ಬ್ಯಾಡ. ನಾಕು ಮಂದಿ ಹಿಡದು ಡೋಲಿ ಕಟ್ಟಿ ಹೊತ್ಕೊಂಡು ಒಯ್ತೀನಿ. ಮಂದಿ ನಗಲಿ."

"ಡೋಲಿ ಯಾಕೋ, ನಾ ಏನು ಸತ್ತೀನೇನು?" ಎಂದಳು ಗುರುಬಾಯಿ. "ಗಡಿಗಿಗಿ ಸಿಂಬಿ ಇಟ್ಟೀಯಿ. ನನಗೂ ಒಂದು ಇಡು."

ಪಕ್ಕದ ಹಾಸಿಗೆಯಲ್ಲಿ ಜನಾಬಾಯಿ ಆಗಲೇ ಎದ್ದು ಕೂತು ತನ್ನ ಗಂಟು ತಡಕುತ್ತಿದ್ದಳು. "ನನ್ನ ಹಳೇ ಇಳಕಲ್ ಸೀರಿ ತಗೋರಿ, ಹತ್ತಿಯಂಗ ಮೆತ್ತಗಾಗ್ಯದ." ಆಚೆ ಹಾಸಿಗೆಯವಳು ಒಂದು ಕೊಟ್ಟಳು, ನೋಡಿಕೊಳ್ಳಲು ಬಂದ ಬಂಧುಗಳು ಕೊಟ್ಟರು, ಕಸ ಹೊಡೆಯುವ ಹೆಂಗಸೂ ಓಡಿ ಹೋಗಿ ಮನೆಯಿಂದ ಒಂದು ತಂದಳು. ಸಿಂಬಿ ಸುತ್ತಲು ಕಣ್ಣು ಬೇಕಿಲ್ಲ. ಪಟ್ಟಿ ಕಟ್ಟಿಕೊಂಡ ಹೆಂಗಸರೇ ಕೈಯಿಂದ ಕೈಗೆ ದಾಟಿಸುತ್ತ ಬಂಡಿಗಾಲಿಯಷ್ಟು ದೊಡ್ಡ ಸಿಂಬಿಯೊಂದನ್ನು ಸುತ್ತಿದರು. ಕುತ್ತಿಗೆಗೆ ಆನಿಸಲು ಇನ್ನೊಂದು ಬೇರೆ.

"ಆದರೂ ಹಂಗ ಬಿಡೂದಿಲ್ಲ," ಎಂದರು ಡಾಕ್ಟರರು. "ಮೊಸರು ಹಗೂರ, ನಿಮ್ಮಕ್ಕ ವಜ್ಜ. ನಿನ್ನ ನಟ್ಟು ಆಕಿ ತೂಕಕ್ಕ ಹೊಂದಸಬೇಕು. ಅಷ್ಟ ತೂಕದ ಮನಶಾನ್ನ ಕೂಡಿಸಿ ನೋಡು."

ಅಷ್ಟು ತೂಕದ ಮನುಷ್ಯರು ಯಾರು? ಪಟ್ಟಿಯಿಲ್ಲದವರ ಕಣ್ಣೆಲ್ಲ ಒಬ್ಬರ ಮೇಲೇ ಹೋಯಿತು. ಕಣ್ಣಿಲ್ಲದ ಗುರುಬಾಯಿಯೇ ಹೇಳಿದಳು:

"ಹೆಜ್ಜಿ ಸಪ್ಪಳ ಕೇಳಿದ್ರ ಡಾಕ್ಟರ್ ಸಾಹೇಬ್ರು ನನ್ನಷ್ಟ ಅದಾರ್ರಿ. ಅವರು ಕೂಡ್ಲಿ."

ಡಾಕ್ಟರರು ಹೊಟ್ಟೆ ಕುಣಿಯುವಂತೆ ನಕ್ಕು, ಕೋಟು ತೆಗೆದು ಸಿಂಬಿಯ ಮೇಲೆ ಕೂತರು. ಸಾಯಬಣ್ಣ ಗಾಡಿಯ ಹಿಂಬದಿಯನ್ನು ಒತ್ತಿ ಕೈಬಿಟ್ಟ. ಗಾಡಿ ಎದ್ದು ಮತ್ತೆ ಮತ್ತೆ ತೂಗಿತು. ನಟ್ಟು ತುಸು ಬಿಗಿದ. ಮತ್ತೆ ಒತ್ತಿದ, ಮತ್ತೆ ಬಿಗಿದ. ಒಮ್ಮೆ ಒತ್ತಿ ಬಿಟ್ಟಾಗ ಗಾಡಿ ಒಂದೇ ಸಲ ಎದ್ದು, ಎಮ್ಮೆ ಮಲಗಿದಂತೆ ಸುಮ್ಮನಾಯಿತು. ಆಮೇಲೆ ಡಾಕ್ಟರರನ್ನು ಕೂರಿಸಿಕೊಂಡು ಕುಂಭಾರಿ ರಸ್ತೆಯ ತಗ್ಗುಗಳಲ್ಲಿ ನಡೆಸಿ ತಂದ. ಇಳಿದವರು ಹೇಳಿದ್ದಿಷ್ಟೇ: "ನಡಿಯೂ ಮನಶಾನಕಿಂತ ಜೋರ ಹೋಗಬ್ಯಾಡ. ಹೋದ್ರ ನಾ ಬಂದು ನಿನ್ನ ಕಣ್ಣು ಕೊಯ್ತೀನಿ."

ಓಟದ ಪಂದ್ಯಕ್ಕೆಂದು ಮಾಡಿದ ಆ ಗಾಡಿ ಅಂದು ಅಕ್ಕಲಕೋಟೆ ರಸ್ತೆಯಲ್ಲಿ ಹೋದ ವೇಗಕ್ಕೆ ಕುರಿಹಿಂಡೊಂದು ಅದನ್ನು ಹಿಂದೆ ಹಾಕಿತು. ಕುರಿಕಾಯುವವ, "ಕೆಟ್ಟದೇನ್ರಿ? ದೂಡಲೇನು?" ಎಂದು ಕೇಳಿದ. ಸಾಯಬಣ್ಣ ತಗ್ಗು ಕಂಡಲ್ಲೆಲ್ಲ ಉಸಿರು ಹಿಡಿದು, ದಾಟಿದ ಮೇಲೆ ಬಿಡುತ್ತಿದ್ದ. ಸಿಂಬಿಯ ಮೇಲೆ ದೇವಿಯಂತೆ ಕೂತ ಗುರುಬಾಯಿ ಮಾತ್ರ ದಾರಿಯುದ್ದಕ್ಕೂ, "ಈಗ ಯಾರರ ನೋಡಾಕತ್ತಾರೇನೋ?" ಎಂದು ಕೇಳುತ್ತಿದ್ದಳು.

"ಎಲ್ಲಾರೂ ನೋಡಾಕತ್ತಾರಕ್ಕಾ," ಎನ್ನುತ್ತಿದ್ದ. ಸುಳ್ಳೂ ಆಗಿರಲಿಲ್ಲ.

ಪಟ್ಟಿ ಬಿಚ್ಚಿ, ಗಾಜಿನ ಲೋಟದ ತಳದಂಥ ದಪ್ಪ ಕನ್ನಡಕ ಹಾಕುವ ದಿನ ಬಂತು. ಇದರಲ್ಲಿ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹೆದರಬೇಡ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಗುರುಬಾಯಿ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಹಾಕಿಕೊಂಡು, ಮೊದಲು ತಮ್ಮನ ಮುಖ ನೋಡಿದಳು. ಮುಟ್ಟಿ ನೋಡಿದಳು. "ಕೂದಲ ಬೆಳ್ಳಗಾಗ್ಯಾವಲ್ಲೋ ಕೂಸ" ಎಂದಳು. ಆಮೇಲೆ ಅವಳು ಅಂಗಳದಲ್ಲಿದ್ದ ಮೋಟಾರಿನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು.

"ಇಷ್ಟ ಸಣ್ಣದಾ?"

ದ್ರೌಪದಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ವಾರ್ಡಿನ ಸೀರೆಗಳನ್ನು ಹಿಂದಿರುಗಿಸದೆ ಇಟ್ಟುಕೊಳ್ಳುವಂತಿರಲಿಲ್ಲ. ಬರಿಗೈಲಿ ಹಿಂದಿರುಗಿಸುವಂತೆಯೂ ಇರಲಿಲ್ಲ. ಗುರುಬಾಯಿ ಒಂದೊಂದನ್ನೂ ಒಗೆದು ಮಡಿಚಿ, ಮೇಲೊಂದು ಕುಪ್ಪಸದ ಖಣ, ಒಂದು ಉಂಡೆ ಬೆಲ್ಲ ಇಟ್ಟಳು. ಆ ಹೆಂಗಸರೆಲ್ಲ ಅಷ್ಟರಲ್ಲಿ ತಂತಮ್ಮ ಊರು ಸೇರಿದ್ದರು. ಯಾರ ಊರು ಯಾವುದೆಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ಹೀಗೆ ಸಾಯಬಣ್ಣನ ಮೋಟಾರು ಆ ಬೇಸಿಗೆಯೆಲ್ಲ ಸೀರೆ ಮುಟ್ಟಿಸುತ್ತ ಹಳ್ಳಿಹಳ್ಳಿ ತಿರುಗಿತು. ಅವನಿಗೆ ಅಂಗಡಿಯ ಕೆಲಸ ಕೆಟ್ಟಿತು. ಬೇಸರ ಮಾತ್ರ ಬರಲಿಲ್ಲ. ಪಕ್ಕದ ಸೀಟಿನಿಂದ ಅಕ್ಕ ಜೋಳದ ಹೊಲ, ಬಾರಿ ಹಣ್ಣಿನ ಗಿಡ, ಬೇಲಿಯ ಮೇಲಿನ ಓತಿಕ್ಯಾತ ಎಲ್ಲವನ್ನೂ ತಾನೇ ಮಾಡಿಟ್ಟವಳಂತೆ ತೋರಿಸುವುದನ್ನು ಕೇಳುವುದೇ ಅವನಿಗೆ ಸಾಕಾಗಿತ್ತು.

ಕುಂಭಾರಿಯಲ್ಲಿ ಜನಾಬಾಯಿಯ ಬಾಗಿಲಿಗೆ ಹೋದಾಗ ಅವಳೂ ಅಂಥದ್ದೇ ಕನ್ನಡಕ ಹಾಕಿಕೊಂಡು ಹೊರಗೆ ಬಂದಳು. ಯಾರೆಂದು ತಿಳಿಯದೆ ಇಬ್ಬರೂ ಒಬ್ಬರನ್ನೊಬ್ಬರು ಮಿಕಮಿಕ ನೋಡಿದರು. ಗುರುಬಾಯಿ ತನ್ನ ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡಳು.

"ಒಂದೀಟು ಮಾತಾಡವ್ವಾ."

"ಯಾರ್ರಿ? ಯಾರು ಬೇಕಾಗಿತ್ತು?"

"ಜನಾಬಾಯಿ!" ಎಂದು ಗುರುಬಾಯಿ ಕನ್ನಡಕ ಹಾಕಿಕೊಂಡಳು.

"ಅಯ್ಯ ನಮ್ಮವ್ವಾ, ಗುರುಬಾಯಿ!" ಎಂದು ಅವಳೂ ಕೂಗಿದಳು. "ನೀ ನನಗಿಂತ ದೊಡ್ಡ ಮುದುಕಿ ಅಂತ ಮಾಡಿದ್ನಲ್ಲಾ!"

"ನಾನೂ ಹಂಗ ಮಾಡಿದ್ನಿ," ಎಂದಳು ಗುರುಬಾಯಿ.

ಇಬ್ಬರೂ ಕೈ ಹಿಡಿದು ಒಳಗೆ ಹೋದರು. ಸೀರೆಯ ಗಂಟು ಗಾಡಿಯಲ್ಲೇ ಉಳಿದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಕರೆಯುವವರೆಗೆ ಕಾಯುತ್ತ, ಸಾಯಬಣ್ಣ ಬಿಸಿಲಿನಲ್ಲಿ ಸುಖವಾಗಿ ಕೂತ.