ಮೂರು ಬೆರಳಿನ ದುಬೈ

ನಾನು ಕುರುಗೋಡಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದಾಗ, ಶಾಲೆಗೆ ನೀರು ತಂದಿಡುತ್ತಿದ್ದ ಕಾಸಿಂಬಿಯ ಗಂಡ ಗಾರೆ ಕೆಲಸಕ್ಕೆಂದು ದುಬೈಗೆ ಹೋಗಿ ನಾಲ್ಕು ವರ್ಷವಾಗಿತ್ತು. ಒಂದು ದಿನ ಆಕೆ ಸೊಂಟದ ಕೊಡವನ್ನೂ ಇಳಿಸದೆ ಕೇಳಿದಳು: "ಸಾರ್, ಬೊಂಬಾಯಿಂದ ದುಬೈಗೆ ಹೋಗಾಕ ವಿಮಾನಕ್ಕ ಎಷ್ಟೊತ್ತು ಬೇಕ್ರಿ?"

ನಾನು ಹುರುಪಿನಿಂದ ಕಪಾಟಿನ ಮೇಲಿದ್ದ ಗ್ಲೋಬು ಇಳಿಸಿದೆ. ಆಕೆ ಸೆರಗಿನಂಚಿನಿಂದ ಕಿತ್ತುಕೊಟ್ಟ ದಾರವನ್ನು ಎರಡು ಊರುಗಳ ನಡುವೆ ಹಿಡಿದು ಅಳೆದೆ. ಮೂರೇ ಬೆರಳು. ಲೆಕ್ಕ ಹಾಕಿ, ಸಮಾಧಾನ ಹೇಳುವವನಂತೆ, "ಭಾಳೇನಿಲ್ಲ ಕಾಸಿಂಬಿ, ಮೂರು ತಾಸು" ಅಂದೆ.

ಆಕೆಯ ಮುಖ ಸಣ್ಣದಾಯಿತು.

"ಮೂರ ತಾಸಾ? ಸಿರುಗುಪ್ಪದಾಗ ಬಸ್ ಬದಲಿಸಿ ಕರೂರಿಗೆ ಹೋದಷ್ಟ ಆತಲ್ರಿ! ಭಾಳ ದೂರ ಐತಿ, ಅದಕ್ಕ ಬಂದಿಲ್ಲ ಅಂತ ತಿಳ್ಕೊಂಡಿದ್ದೆ ನಾನು." ದಾರವನ್ನು ಬೆರಳಿಗೆ ಸುತ್ತಿಕೊಂಡು ಹೊರಟುಹೋದಳು.

ಕರೂರಿನ ಹೆಸರು ನನಗೂ ಚುಚ್ಚಿತು. ಜಗಳವಾಡಿ ತವರಿಗೆ ಹೋಗಿದ್ದ ನನ್ನ ಹೆಂಡತಿ ಇದ್ದದ್ದು ಅಲ್ಲೇ. ಆ ಶನಿವಾರವೇ ಬಸ್ಸು ಹತ್ತಿದೆ. ಬಾಗಿಲಲ್ಲೇ ನಿಲ್ಲಿಸಿ ಆಕೆ ಕೇಳಿದಳು: "ಐದು ತಿಂಗಳಿಂದ ಯಾಕ ಬರಲಿಲ್ಲ?"

ಭೂಗೋಳ ಕಲಿಸುವ ನಾನು, "ಭಾಳ ದೂರ ಆತಲ್ಲ, ಅದಕ್ಕ" ಅಂದೆ.