ಕೈಗುಣದ ಚಿಕ್ಕಮಾದಮ್ಮ

ಕುದೇರಿನಲ್ಲಿ ರೇಷ್ಮೆಹುಳು ಸಾಕುವುದಕ್ಕೆ ಹಿಪ್ಪುನೇರಳೆ ತೋಟ ಬೇಕು, ಅಗಲವಾದ ಮನೆ ಬೇಕು, ಚಿಕ್ಕಮಾದಮ್ಮ ಬೇಕು. ಮೊದಲೆರಡು ಗುರುಪಾದಸ್ವಾಮಿಗೆ ಅಪ್ಪನಿಂದ ಬಂದಿದ್ದವು. ಮೂರನೆಯದು ದಿನಕ್ಕೆ ಎರಡು ಸೇರು ರಾಗಿಗೆ ಬರುತ್ತಿತ್ತು.

ಗಂಡ ಸತ್ತ, ಮಕ್ಕಳಿಲ್ಲದ ಆ ಹೆಂಗಸಿನ ಕೈಗುಣ ದೊಡ್ಡದೆಂದು ಊರೆಲ್ಲ ಹೇಳುತ್ತಿತ್ತು. ಹುಳುವಿನ ಕೋಣೆಗೆ ಅವಳ ಹೊರತು ಯಾರೂ ಕಾಲಿಡುವಂತಿರಲಿಲ್ಲ. ಕಣ್ಣು ತಾಗೀತೆಂದು ಸ್ವಾಮಿಯ ಹೆಂಡತಿಯೂ ಹೊಸಿಲಾಚೆ ನಿಂತೇ ಎಲೆಬುಟ್ಟಿ ಕೊಡುತ್ತಿದ್ದಳು. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಅವಳಿಗೆ ಮಾತಾಡಲು ಹುಳುಗಳೇ. ಮಾತಾಡುತ್ತಲೂ ಇದ್ದಳು, ಪಾಪ.

ಐವತ್ತಾರನೇ ಇಸವಿಯಲ್ಲಿ ಅವಳಿಗೊಂದು ಆಸೆ ಹುಟ್ಟಿತು. ತನ್ನದೇ ಒಂದು ಬೆಳೆ ಎಬ್ಬಿಸಿ, ಗೂಡು ಮಾರಿ, ಕೆರೆ ಹಿಂದಿನ ತುಂಡು ನೆಲವನ್ನು ಗುತ್ತಿಗೆ ಹಿಡಿಯಬೇಕು. ಆಮೇಲೆ ಎಲೆಯೂ ತನ್ನದೇ. ಒಪ್ಪೊತ್ತು ಉಂಡು ಉಳಿಸಿದ ರಾಗಿ ಮಾರಿ ಹುಳುವಿನ ಮೊಟ್ಟೆ ತಂದಳು. ಎಲೆ ಕೇಳಿದಾಗ ಸ್ವಾಮಿ, "ಅದಕ್ಕೇನಮ್ಮಿ, ತಕ್ಕೊಂಡೋಗು. ಕೂಲೀಲಿ ಮುರ್ಕೊಂಡ್ರಾಯ್ತು" ಎಂದಿದ್ದ.

ಆದರೆ ಅವಳೊಂದು ತಪ್ಪು ಮಾಡಿದಳು. ಮೊಟ್ಟೆಯನ್ನು ತಟ್ಟೆಗೆ ಹಾಕಲು ಮಾದಪ್ಪನ ಸೋಮವಾರವೇ ಒಳ್ಳೆಯದೆಂದು ಸ್ವಾಮಿಗೆ ದಿನ ಹೇಳಿ, ಅದೇ ಸೋಮವಾರ ತನ್ನ ಮನೆಯಲ್ಲೂ ಹಾಕಿದಳು. ದೇವರ ದಿನ ಇಬ್ಬರಿಗೂ ಒಂದೇ, ಎಲೆ ಮಾತ್ರ ಒಬ್ಬರದೇ ಎಂಬುದು ಅವಳಿಗೆ ಹೊಳೆಯಲಿಲ್ಲ.

ಕಡೆಯ ಸಲ ಪೊರೆ ಕಳಚಿದ ಹುಳು ತಿನ್ನುವುದಕ್ಕೇ ಹುಟ್ಟಿದಂತೆ ತಿನ್ನುತ್ತದೆ. ಎರಡು ಮನೆಯಲ್ಲೂ ಅವು ಒಂದೇ ದಿನ ಪೊರೆ ಕಳಚಿ ಎದ್ದವು. ಸ್ವಾಮಿ ತೋಟ ನೋಡಿಕೊಂಡು ಬಂದ.

"ನಮ್ಮ ಹುಳ ಹಣ್ಣಾಗಿ ಗೂಡು ಕಟ್ಟೋಗಂಟ ಒಂದೆಲೆನೂ ಕೊಡಕಾಗಕಿಲ್ಲ ಕಣಮ್ಮಿ."

"ನಾಕ್ ಬುಟ್ಟಿ ಸಾಕು ಬುದ್ಧಿ. ಸತ್ತೋಯ್ತವೆ."

"ನಿನ್ ಕೈಗುಣ ಅದೆಯಲ್ಲ, ಬದುಕ್ತವೆ ಬುಡು."

ಒಂದೂವರೆ ದಿನ ಅವಳು ಸ್ವಾಮಿಯ ಹುಳುಗಳಿಗೆ ಬುಟ್ಟಿಗಟ್ಟಲೆ ಎಲೆ ಸುರಿದಳು. ಮನೆಗೆ ಬಂದರೆ ಅವಳವು ಬರಿದಾದ ತಟ್ಟೆಯ ಮೇಲೆ ತಲೆಯೆತ್ತಿ ಹುಡುಕುತ್ತಿದ್ದವು. ಸೆರಗಿನಲ್ಲಿ ನಾಲ್ಕು ಹಿಡಿ ಎಲೆ ಕಟ್ಟಿಕೊಂಡು ಬರಬಹುದಿತ್ತು. ಆದರೆ ಕದ್ದ ಎಲೆ ತಿಂದ ಹುಳು ಗೂಡು ಕಟ್ಟುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಟ್ಟವಳೇ ಅವಳು.

ಎರಡನೆಯ ದಿನ ನಡುಮಧ್ಯಾಹ್ನ, ಸ್ವಾಮಿ ಸಂತೆಮರಹಳ್ಳಿಯ ಸಂತೆಗೆ ಹೋಗಿದ್ದಾಗ, ತನ್ನ ಹುಳುಗಳನ್ನೆಲ್ಲ ಬುಟ್ಟಿಗೆ ತುಂಬಿ, ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ಸ್ವಾಮಿಯ ಮನೆಗೆ ಬಂದಳು. ಹಿಡಿಹಿಡಿಯಾಗಿ ಅವನ ತಟ್ಟೆಗಳಿಗೆ ಬಿಟ್ಟಳು. "ತಿನ್ಕಳಿ ನನ್ನವ್ವಗಳಿರಾ" ಎಂದಳು. ಅವು ತಿಂದವು. ಅವಳು ಮೂಲೆಯಲ್ಲಿ ಕುಳಿತು ಬಿಕ್ಕಿಬಿಕ್ಕಿ ಅತ್ತಳು. ಆ ಕೋಣೆಗೆ ಯಾರೂ ಬರುವಂತಿಲ್ಲವಾದ್ದರಿಂದ ಸಮಾಧಾನ ಹೇಳಲೂ ಯಾರೂ ಬರಲಿಲ್ಲ.

ಆ ಸಲ ಸ್ವಾಮಿಗೆ ಹಿಂದೆಂದೂ ಆಗದಷ್ಟು ಗೂಡಾಯಿತು. ಚಾಮರಾಜನಗರದಿಂದ ಬಂದ ವ್ಯಾಪಾರಿ ಅಜ್ಮತ್ ಉಲ್ಲಾ ಬಾಯ್ತುಂಬ ಹೊಗಳಿದ. "ಬೆವರು ಸುರಿಸಿದ್ರೆ ಬೆಳೀತದೆ ಸಾಯೇಬ್ರೆ" ಎಂದ ಸ್ವಾಮಿ, ಗೂಡು ಬಿಡಿಸುತ್ತಿದ್ದ ಚಿಕ್ಕಮಾದಮ್ಮನ ಕಡೆ ತಿರುಗಿದ. ಕೆಟ್ಟವನೇನಲ್ಲ, ಮನಸಾರೆಯೇ ಹೇಳಿದ: "ನಿಂದು ಕೆಟ್ಟೋಯ್ತಂತಲ್ಲಮ್ಮಿ. ಎದೆಗೆಡಬ್ಯಾಡ. ನಮ್ಮಂಗೆ ಕಷ್ಟಬಿದ್ದು ಗೇದ್ರೆ ನೀನೂ ಒಂದಿನ ಮೇಲಕ್ ಬತ್ತೀಯೆ."

"ಊಂ ಬುದ್ಧಿ" ಎಂದು ಅವಳು ಮುಂದಿನ ಗೂಡಿಗೆ ಕೈಹಾಕಿದಳು. ಅದು ಅವನದೋ ತನ್ನದೋ, ಅಷ್ಟು ಕೈಗುಣವಿದ್ದ ಕೈಗೂ ತಿಳಿಯಲಿಲ್ಲ.