ಹಾಳೆ ಹರಿದಾಗ

ಕಾಗದದ ಮಿಲ್ಲಿನಲ್ಲಿ ಯಂತ್ರದ ಸದ್ದಿಗೆ ಮಾತು ಕೇಳಿಸುವುದಿಲ್ಲ. ಅಲ್ಲಿಯವರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಎರಡು ಮುಷ್ಟಿ ಜೋಡಿಸಿ ಬದಿಗೆ ಎಳೆದರೆ ಯಂತ್ರದಲ್ಲಿ ಓಡುವ ಹಾಳೆ ಹರಿಯಿತು ಎಂದರ್ಥ. ಅಂಗೈ ಮೆಲ್ಲಗೆ ಕೆಳಗಿಳಿಸಿದರೆ, ತಡಿ, ಅವಸರ ಬೇಡ. ನನ್ನ ಗಂಡ ಆ ಭಾಷೆಯನ್ನು ದಾಂಡೇಲಿಯ ನಮ್ಮ ಮನೆಗೂ ತಂದಿದ್ದರು.

ಸಣ್ಣವಳಿದ್ದಾಗ ಮಗಳಿಗೆ ಶಾಲೆಯೆಂದರೆ ಅಂಜಿಕೆ. ನದಿ ಎಲ್ಲಿ, ದಾರಿ ಎಲ್ಲಿ ತಿಳಿಯದ ಮಂಜಿನ ಮುಂಜಾವಿನಲ್ಲಿ, ಶಾಲೆಯ ಗೇಟಿನ ಮುಂದೆ ಅವಳು ಕಲ್ಲಾಗಿ ನಿಲ್ಲುತ್ತಿದ್ದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. "ಏನಾತು ಹೇಳಬಾರದೇನ! ಯಾಕ ಅಂಜತಿ?"

ಅವರು ಮಾತ್ರ ಮೋರಿಯ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ಮುಷ್ಟಿಗಳನ್ನು ಬದಿಗೆ ಎಳೆದು ಹುಬ್ಬು ಏರಿಸುತ್ತಿದ್ದರು. ಹರಿಯಿತೇ? ಅವಳು ಹೂಂ ಎಂದು ತಲೆಯಾಡಿಸುವಳು. ಅವರ ಅಂಗೈ ಮೆಲ್ಲಗೆ ಕೆಳಗಿಳಿಯುವುದು. ಆಮೇಲೆ ಇಬ್ಬರೂ ಕೂತೇ ಇರುವರು, ಮಂಜಿನಲ್ಲಿ ತೇಲುವವರ ಹಾಗೆ.

"ಹಾಳಿ ಹರಿದ್ರ ಅದಕ್ಕ ಯಾರರ ಬೈತಾರೇನ? ನಿಂತು, ಹರಿದ ತುದಿ ಮತ್ತ ಯಂತ್ರಕ್ಕ ಎತ್ತಿ ಕೊಡೂದಷ್ಟ," ಎನ್ನುತ್ತಿದ್ದರು ನನಗೆ.

ಹೋದ ವರ್ಷ ಅವಳು ಹಳಿಯಾಳದ ಕಾಲೇಜಿಗೆ ಮೊದಲ ಸಲ ಒಬ್ಬಳೇ ಹೊರಟಳು. ಅವರಿಗೆ ಬೆಳಗಿನ ಪಾಳಿ. ಬಸ್‌ಸ್ಟ್ಯಾಂಡಿಗೆ ನಾನೇ ಹೋಗಿದ್ದೆ. ಮಂಜು ಅದೇ. ಇಂಜಿನ್ನಿನ ಸದ್ದಿನಲ್ಲಿ, ಮುಚ್ಚಿದ ಗಾಜಿನಾಚೆ ಅವಳಿಗೆ ನನ್ನ ಬುದ್ಧಿಮಾತು ಒಂದೂ ಕೇಳಿಸುತ್ತಿರಲಿಲ್ಲ. ಆದರೂ ಒದರುತ್ತಲೇ ಇದ್ದೆ.

ಅವಳು ನನ್ನನ್ನೇ ನೋಡಿದಳು. ಎರಡು ಮುಷ್ಟಿ ಜೋಡಿಸಿ ಬದಿಗೆ ಎಳೆದು, ಹುಬ್ಬು ಏರಿಸಿದಳು.

ನಾನು ಬಾಯಿ ಮುಚ್ಚಿ, ಹೂಂ ಎಂದು ತಲೆಯಾಡಿಸಿದೆ.

ಬಸ್ಸು ಹೊರಟಿತು. ಗಾಜಿನಾಚೆ ಅವಳ ಅಂಗೈ ಮೆಲ್ಲಗೆ ಕೆಳಗಿಳಿಯುತ್ತಿತ್ತು.